ಧಾರೆಗೆ ಎರಡು ಪ್ರತಿ, ಬಳೆಶಾಸ್ತ್ರಕ್ಕೆ ಅರ್ಧ: ಒಂದು ಮೆಮೊರಿ ಕಾರ್ಡಿನ ಪ್ರಕರಣ

ದೇವಸ್ಥಾನದ ಕುಂಕುಮದ ಪೊಟ್ಟಣದ ಹಾಗೆ ಕ್ಯಾಲೆಂಡರ್ ಹಾಳೆಯಲ್ಲಿ ಮಡಿಸಿ ತಂದ ಕಾರ್ಡನ್ನು ಆ ಫೋಟೊಗ್ರಾಫರ್ ಹುಡುಗ ನನ್ನ ಮೇಜಿನ ಮೇಲೆ ಇಟ್ಟ. ಇಟ್ಟವನು ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ. "ಅಣ್ಣಾ, ಇದರಲ್ಲಿ ಮದುವೆ ಇದೆ" ಎಂದ. ಮದುವೆಯ ಫೋಟೊ ಇದೆ ಎನ್ನಲಿಲ್ಲ, ಮದುವೆಯೇ ಇದೆ ಎಂದ.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಏಪ್ರಿಲ್, ಮೇ ಬಂತೆಂದರೆ ಪ್ರಿಂಟರ್‌ಗಳಿಗಿಂತ ಇಂಥ ಕಾರ್ಡುಗಳೇ ಹೆಚ್ಚು ಬರುತ್ತವೆ. ಬಹುಪಾಲು ಒಂದು ಗಂಟೆಯೊಳಗಿನ ಕೆಲಸ. ಇದು ಮೂರು ದಿನ ಹಿಡಿಯಿತು. ಕಾರ್ಡಿನ ಕಾಯಿಲೆಗೆ ಹಿಡಿದದ್ದು ಅರ್ಧ ದಿನ, ಉಳಿದೆರಡೂವರೆ ದಿನ ಆ ಕಾಯಿಲೆಗೆ ಮನೆಯಲ್ಲೇ ಆದ ಮದ್ದಿನದು. ಫೋಟೊ ತೆಗೆದ ಹುಡುಗನ ಒಪ್ಪಿಗೆ, ಹೆಣ್ಣಿನ ಮನೆಯವರ ಒಪ್ಪಿಗೆ ಎರಡನ್ನೂ ಕೇಳಿಕೊಂಡು, ಹೆಸರು ಊರು ಬಿಟ್ಟು ಬರೆಯುತ್ತಿದ್ದೇನೆ.

ಮಂಟಪದಲ್ಲಿ ಆದದ್ದು

ಹುಡುಗನಿಗೆ ಸ್ವಂತ ಸ್ಟುಡಿಯೊ ಇಲ್ಲ. ಸೀಸನ್ನಿನಲ್ಲಿ ಮದುವೆ, ಮುಂಜಿ ಒಪ್ಪಿಕೊಳ್ಳುತ್ತಾನೆ. ಕ್ಯಾಮೆರಾದಲ್ಲಿ ಕಾರ್ಡು ಕೂರಿಸಲು ಇರುವುದು ಒಂದೇ ಜಾಗ. ಅದರಲ್ಲಿ 64 ಜಿಬಿಯ ಎಸ್‌ಡಿ ಕಾರ್ಡು. ಪ್ರತಿ ಚಿತ್ರವನ್ನೂ ರಾ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಇಡುವ ದೊಡ್ಡ ಕಡತ), ಜೆಪೆಗ್ (ಎಲ್ಲೆಡೆ ತೆರೆದುಕೊಳ್ಳುವ ಚಿಕ್ಕ ಕಡತ) ಎರಡರಲ್ಲೂ ತೆಗೆಯುವ ಅಭ್ಯಾಸ ಅವನಿಗೆ ಇತ್ತು. ಮುಂದೆ ಅದು ನಮ್ಮ ಕೈಹಿಡಿಯಿತು. ಹೊಸ ಕೆಲಸಕ್ಕೆ ಮುನ್ನ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳುವ ಅಭ್ಯಾಸವೂ ಇತ್ತು, ಅದೂ ಒಳ್ಳೆಯದೇ. ಹಿಂದಿನ ದಿನ ಸಂಜೆ ಹೆಣ್ಣಿನ ಮನೆಯಲ್ಲಿ ಬಳೆಶಾಸ್ತ್ರ, ಮರುದಿನ ಕಲ್ಯಾಣ ಮಂಟಪದಲ್ಲಿ ಮದುವೆ. ರಾತ್ರಿ ಕಾರ್ಡಿನಲ್ಲಿದ್ದದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕಿತ್ತು. ಊಟ ಮುಗಿಯುವಾಗ ಹನ್ನೊಂದು ದಾಟಿತ್ತು, ಬೆಳಗಿನ ಐದಕ್ಕೆ ಮತ್ತೆ ಹಾಜರಿರಬೇಕಿತ್ತು. ಇಳಿಸಿಕೊಳ್ಳಲಿಲ್ಲ.

ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಬಿತ್ತು, ಧಾರೆ ಎರೆದಾಯಿತು. ಮಾಂಗಲ್ಯಧಾರಣೆಯ ಹೊತ್ತಿಗೆ ವಾಲಗ ಏರುತ್ತಿದ್ದಂತೆ ಹುಡುಗ ಬಟನ್ನಿನ ಮೇಲಿನ ಬೆರಳು ಎತ್ತದೆ ಒಂದೇ ಸಮನೆ ಕ್ಲಿಕ್ಕಿಸಿದ್ದಾನೆ. ಬ್ಯಾಟರಿಯ ಗುರುತು ಕೆಂಪಾಗಿ ಮಿನುಗುತ್ತಿತ್ತು. ಮೂರನೆಯ ಗಂಟಿಗೆ ಮುಂಚೆ ಬದಲಾಯಿಸಿಬಿಡೋಣ ಎಂದು ಮುಚ್ಚಳ ತೆರೆದು ಹಳೆಯ ಬ್ಯಾಟರಿಯನ್ನು ಕಿತ್ತ. ಕಾರ್ಡಿಗೆ ಇನ್ನೂ ಬರೆಯುತ್ತಿದ್ದೇನೆ ಎಂದು ಹೇಳುವ ಪುಟ್ಟ ದೀಪ ಆಗ ಉರಿಯುತ್ತಲೇ ಇತ್ತು. ಹೊಸ ಬ್ಯಾಟರಿ ಹಾಕಿದರೆ ಕಾರ್ಡನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಿ ಎಂಬ ಸೂಚನೆ. ಜೇಬಿನಲ್ಲಿದ್ದ ಇನ್ನೊಂದು ಕಾರ್ಡು ತೂರಿಸುವಷ್ಟರಲ್ಲಿ ಗಂಟು ಬಿದ್ದಾಗಿತ್ತು. ವರನನ್ನು ಮತ್ತೊಮ್ಮೆ ತಾಳಿ ಹಿಡಿದು ಬಾಗುವಂತೆ ಕೇಳಿಕೊಂಡನಂತೆ. ನಮ್ಮ ಕಡೆಯ ಮದುವೆಗಳಲ್ಲಿ ಇದೇನೂ ಹೊಸದಲ್ಲ, ಪುರೋಹಿತರೂ ಈಗ ಬೈಯುವುದಿಲ್ಲ.

ಬ್ಯಾಟರಿ ಕಿತ್ತ ಆ ಗಳಿಗೆಯಲ್ಲಿ ಒಳಗೆ ಎರಡು ಅನಾಹುತ ಆಗಿರುತ್ತದೆ. ಬಿಡದೆ ಕ್ಲಿಕ್ಕಿಸಿದ ಚಿತ್ರಗಳು ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ. ಕ್ಯಾಮೆರಾದೊಳಗಿನ ತಾತ್ಕಾಲಿಕ ಮೆಮೊರಿಯಲ್ಲಿ ಸಾಲುಗಟ್ಟಿ ನಿಂತು ಒಂದೊಂದಾಗಿ ಇಳಿಯುತ್ತವೆ. ವಿದ್ಯುತ್ ಹೋದರೆ ಆ ಸಾಲು ಹೋಯಿತು. ಕಾರ್ಡಿಗೆ ಬಾರದೇ ಇದ್ದದ್ದನ್ನು ಕಾರ್ಡಿನಿಂದ ತೆಗೆಯಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ. ಇನ್ನೊಂದು, ಕಾರ್ಡಿನ ಚಿಪ್ಪಿನಲ್ಲಿ ಒಂದೇ ಕೋಶ ಎರಡು ಅಥವಾ ಮೂರು ಬಿಟ್‌ಗಳನ್ನು ಹೊತ್ತಿರುತ್ತದೆ. ಎರಡನೆಯದನ್ನು ಬರೆಯುವಾಗ ಅರ್ಧಕ್ಕೆ ನಿಂತರೆ, ಮೊದಲೇ ಸರಿಯಾಗಿ ಬರೆದಿದ್ದ ಬಿಟ್ ಕೂಡ ಕೆಡಬಹುದು. ಆದ್ದರಿಂದ ಕೊನೆಯ ಚಿತ್ರ ಮಾತ್ರ ಹಾಳಾಗುತ್ತದೆ ಎಂದು ತಿಳಿಯುವಂತಿಲ್ಲ, ಅದರ ನೆರೆಹೊರೆಯೂ ಹಾಳಾಗುತ್ತದೆ. ಕಡತಗಳ ಪಟ್ಟಿಯನ್ನು ತಿದ್ದುವ ಹೊತ್ತಿಗೇ ಇದಾದರೆ ಇಡೀ ಕಾರ್ಡು ಓದಲಾಗದಂತೆ ಕಾಣುತ್ತದೆ.

"ಆಮೇಲೆ ಏನು ಮಾಡಿದೆ?" ಎಂದು ಕೇಳಿದೆ. ಕಾರ್ಡು ತಂದ ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಇದು.

"ಏನೂ ಇಲ್ಲ ಅಣ್ಣಾ. ಭಾವನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆವು, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು, ತೆಗೆದುಬಿಟ್ಟೆವು."

ಈ ಉತ್ತರ ಸುಳ್ಳು ಎಂದು ಗೊತ್ತಾಗಲು ಮರುದಿನದವರೆಗೆ ಕಾಯಬೇಕಾಯಿತು.

ಮೊದಲು ನಕಲು, ಆಮೇಲೆ ಉಳಿದದ್ದು

ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಉಗುರಿನಿಂದ ಸರಿಸುವ ಸಣ್ಣ ಪ್ಲಾಸ್ಟಿಕ್ ಗುಬುಟು ಇರುತ್ತದೆ. ಅದನ್ನು ಲಾಕ್ ಕಡೆಗೆ ತಳ್ಳಿದೆ. ಈ ಗುಬುಟಿಗೂ ಕಾರ್ಡಿನೊಳಗಿನ ಚಿಪ್ಪಿಗೂ ಯಾವ ತಂತಿಯ ಸಂಬಂಧವೂ ಇಲ್ಲ. ಅದು ಎಲ್ಲಿದೆ ಎಂದು ನೋಡಿಕೊಂಡು ಬರೆಯದೆ ಬಿಡಬೇಕಾದದ್ದು ಕಾರ್ಡ್ ರೀಡರ್. ಅಗ್ಗದ ಕೆಲವು ರೀಡರ್‌ಗಳು ನೋಡುವುದೇ ಇಲ್ಲ. ನನ್ನಲ್ಲಿರುವುದು ನೋಡುತ್ತದೆ, ಪರೀಕ್ಷೆ ಮಾಡಿಯೇ ಇಟ್ಟುಕೊಂಡಿದ್ದೇನೆ. ಇಷ್ಟು ಎಚ್ಚರ ಏಕೆಂದರೆ ವಿಂಡೋಸ್ ಕಂಪ್ಯೂಟರಿಗೆ ಕಾರ್ಡು ಹಾಕಿದ ಮಾತ್ರಕ್ಕೆ ಅದು ತನ್ನದೊಂದು ಗುಪ್ತ ಫೋಲ್ಡರನ್ನು ಕಾರ್ಡಿನ ಮೇಲೆ ಬರೆದುಬಿಡುತ್ತದೆ; ಮ್ಯಾಕ್ ಕೂಡ ಇದರಲ್ಲಿ ಹಿಂದೆ ಬಿದ್ದಿಲ್ಲ. ನೋಡಿದರೆ ಏನಾಗುತ್ತದೆ ಎನ್ನುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಲಿನಕ್ಸ್ ಕಂಪ್ಯೂಟರಿನಲ್ಲಿ, ಕಾರ್ಡು ತಾನಾಗಿ ತೆರೆದುಕೊಳ್ಳುವುದನ್ನು ನಿಲ್ಲಿಸಿ, ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಕಾರ್ಡಿನ ಪಡಿಯಚ್ಚು ತೆಗೆದೆ. ಇದು ಕಡತಗಳನ್ನು ನಕಲು ಮಾಡುವುದಿಲ್ಲ. ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ, ಖಾಲಿ ಎನಿಸಿದ ಜಾಗವನ್ನೂ ಸೇರಿಸಿ, ಇದ್ದಂತೆ ಎತ್ತಿಕೊಳ್ಳುತ್ತದೆ. ಅಂಟಿಕೊಂಡ ಜಾಗ ಸಿಕ್ಕರೆ ಅಲ್ಲಿ ಹಠ ಹಿಡಿಯದೆ ಗುರುತು ಹಾಕಿಕೊಂಡು ಮುಂದೆ ಹೋಗಿ, ಸುಲಭದ್ದೆಲ್ಲ ಮುಗಿದ ಮೇಲೆ ಹಿಂದಿರುಗಿ ಪ್ರಯತ್ನಿಸುತ್ತದೆ. ಸಾಯುತ್ತಿರುವ ಕಾರ್ಡಿಗೆ ಈ ಕ್ರಮವೇ ಸರಿ. ಮೊದಲ ಸುತ್ತು ಹದಿನೇಳು ನಿಮಿಷದಲ್ಲಿ ಮುಗಿಯಿತು. ಬಾಕಿ ಉಳಿದ ಒಂದಿಷ್ಟು ಜಾಗಕ್ಕೆ ಒಂದೂವರೆ ಗಂಟೆ ಹೋಯಿತು. ರೀಡರ್ ಎರಡು ಸಲ ಮೌನವಾಯಿತು, ತೆಗೆದು ತಣಿಸಿ ಮತ್ತೆ ಹಾಕಬೇಕಾಯಿತು. ಕೊನೆಗೂ ಓದಲಾಗದೆ ಉಳಿದದ್ದು 96 ಕೆಬಿ. ಕಾರ್ಡನ್ನು ಲಕೋಟೆಗೆ ಹಾಕಿ ಮೇಜಿನ ಡ್ರಾಯರಿನಲ್ಲಿಟ್ಟೆ. ಮುಂದಿನ ಕೆಲಸವೆಲ್ಲ ಪಡಿಯಚ್ಚಿನ ಮೇಲೆ, ಅದೂ ಅದರ ಇನ್ನೊಂದು ನಕಲಿನ ಮೇಲೆ.

ಪಡಿಯಚ್ಚಿನಲ್ಲಿದ್ದ ಕಡತ ವ್ಯವಸ್ಥೆ ಅಚ್ಚುಕಟ್ಟಾಗಿತ್ತು, ಸಂಪೂರ್ಣ ಖಾಲಿಯಾಗಿತ್ತು. ವಿದ್ಯುತ್ ಹೋಗಿ ಕೆಟ್ಟ ಕಾರ್ಡು ಹೀಗೆ ಸ್ನಾನ ಮಾಡಿಸಿ ಮಡಿ ಉಡಿಸಿದಂತೆ ಇರುವುದಿಲ್ಲ. ಯಾರೋ ಫಾರ್ಮ್ಯಾಟ್ ಮಾಡಿದ್ದಾರೆ ಎಂಬ ಅನುಮಾನ ಅಲ್ಲೇ ಹುಟ್ಟಿತು. ಆದರೆ ಅದೇನೂ ಸಾವಿನ ಸುದ್ದಿಯಲ್ಲ. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳು ಬಳಸುವುದು ಮೈಕ್ರೊಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್ ವ್ಯವಸ್ಥೆಯನ್ನು. ಅದರಲ್ಲಿ ತ್ವರಿತ ಫಾರ್ಮ್ಯಾಟ್ ಎಂದರೆ ಪಟ್ಟಿಯನ್ನು ಅಳಿಸುವುದು ಮಾತ್ರ. ತಾಲ್ಲೂಕು ಕಚೇರಿಯಲ್ಲಿ ಪಹಣಿ ಸುಟ್ಟರೆ ಗದ್ದೆ ಎಲ್ಲಿಗೂ ಹೋಗುವುದಿಲ್ಲ. ಯಾವ ತುಂಡು ಯಾರದು, ಬದು ಎಲ್ಲಿ ಎಂಬುದು ಗೊತ್ತಾಗುವುದಿಲ್ಲ, ಅಷ್ಟೇ. ಅನಾಹುತವಾಗುವುದು ಪಹಣಿ ಇಲ್ಲದ ಆ ಗದ್ದೆಗೆ ಇನ್ಯಾರೋ ಇಳಿದು ಹೊಸದಾಗಿ ಸಸಿ ನೆಟ್ಟಾಗ.

ಪಹಣಿ ಇಲ್ಲದೆ ಗದ್ದೆ ಅಳೆಯುವ ಕೆಲಸಕ್ಕೆ ನಾನು ಬಳಸುವುದು ಫೋಟೊರೆಕ್. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ 2002ರಿಂದ ಹೊರತರುತ್ತಿರುವ ಮುಕ್ತ ತಂತ್ರಾಂಶ. ನೋಡಲು ಹಳೆಯ ಕಾಲದ ಕಪ್ಪು ಪರದೆ, ಹಣ ಕೇಳುವುದಿಲ್ಲ. ಜಾಹೀರಾತು ತುಂಬಿದ ಎಷ್ಟೋ ರಿಕವರಿ ತಂತ್ರಾಂಶಗಳಿಗಿಂತ ನನಗೆ ಇದರ ಮೇಲೆ ನಂಬಿಕೆ ಹೆಚ್ಚು. ಅದು ಕಡತಗಳ ಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರವಾಗಿ ದತ್ತಾಂಶವನ್ನು ತಡವುತ್ತಾ ಹೋಗುತ್ತದೆ. ಜೆಪೆಗ್ ಚಿತ್ರ ಯಾವಾಗಲೂ 'ಎಫ್‌ಎಫ್ ಡಿ8' ಎಂಬ ಎರಡು ಬೈಟ್‌ಗಳಿಂದ ಶುರುವಾಗಿ 'ಎಫ್‌ಎಫ್ ಡಿ9' ಎಂಬಲ್ಲಿ ಮುಗಿಯುತ್ತದೆ; ರಾ ಕಡತಗಳಿಗೂ ಅವುಗಳದೇ ತಲೆಗುರುತು ಇದೆ. ಗುರುತು ಸಿಕ್ಕಲ್ಲಿಂದ ಎತ್ತಿ ಹೊರಗಿಡುತ್ತದೆ. ಹೆಸರು ಗೊತ್ತಿಲ್ಲದ್ದರಿಂದ, ಆ ಚಿತ್ರ ಕಾರ್ಡಿನ ಎಷ್ಟನೆಯ ಸೆಕ್ಟರಿನಲ್ಲಿ (ಕಾರ್ಡಿನ ಜಾಗವನ್ನು ಅಳೆಯುವ ಸಣ್ಣ ತುಂಡು) ಸಿಕ್ಕಿತೋ ಆ ಸಂಖ್ಯೆಯನ್ನೇ ಹೆಸರಾಗಿ ಕೊಡುತ್ತದೆ. ಹೆಚ್ಚಿನವರು ಇದನ್ನು ಕಿರಿಕಿರಿ ಎಂದುಕೊಳ್ಳುತ್ತಾರೆ. ಈ ಪ್ರಕರಣದಲ್ಲಿ ಬಾಯಿಬಿಟ್ಟ ಸಾಕ್ಷಿ ಆ ಸಂಖ್ಯೆಯೇ.

ಸಂಖ್ಯೆಗಳು ಹೇಳಿದ್ದು

ಎಷ್ಟು ಚಿತ್ರ ಸಿಗಬೇಕು ಎಂಬುದು ಮೊದಲೇ ಗೊತ್ತಿದ್ದರೆ ಎಲ್ಲಿ ನಿಲ್ಲಬೇಕು ಎಂದೂ ಗೊತ್ತಾಗುತ್ತದೆ. ಕ್ಯಾಮೆರಾ ಚಿತ್ರಗಳಿಗೆ ಬಿಡದೆ ಸಂಖ್ಯೆ ಹಾಕುತ್ತಾ ಹೋಗುತ್ತದಲ್ಲ, ಹುಡುಗನ ಹಾರ್ಡ್ ಡಿಸ್ಕಿನಲ್ಲಿದ್ದ ಹಿಂದಿನ ಮುಂಜಿಯ ಕೊನೆಯ ಚಿತ್ರ 0912. ಮದುವೆಯಲ್ಲಿ ಆಮೇಲೆ ಹಾಕಿದ ಎರಡನೆಯ ಕಾರ್ಡಿನ ಮೊದಲ ಚಿತ್ರ 1861. ನಡುವಿನ 948 ಚಿತ್ರಗಳು ಈ ಕಾರ್ಡಿನಲ್ಲಿರಬೇಕು. ಒಂದೊಂದಕ್ಕೆ ರಾ 25, ಜೆಪೆಗ್ 7 ಎಂದು ಅಂದಾಜಿಟ್ಟರೆ 32 ಎಂಬಿ. ಒಟ್ಟು 30 ಜಿಬಿ ಚಿಲ್ಲರೆ. ಕಾರ್ಡು ಅರ್ಧ ತುಂಬಿತ್ತು ಎಂಬ ಹುಡುಗನ ನೆನಪಿಗೂ ಇದು ತಾಳೆಯಾಯಿತು.

ಫೋಟೊರೆಕ್ ಕೊಟ್ಟ ಕಡತಗಳನ್ನು ಸೆಕ್ಟರ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರೊಳಗೆ ಕ್ಯಾಮೆರಾ ಬರೆದಿಟ್ಟ ದಿನ ಮತ್ತು ಸಮಯವನ್ನು ಎಕ್ಸಿಫ್‌ಟೂಲ್‌ನಿಂದ ತೆಗೆದು ಪಕ್ಕದಲ್ಲಿಟ್ಟೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ತುಂಬಿದ ಕಾರ್ಡಿನಲ್ಲಿ ಚಿತ್ರಗಳು ತೆಗೆದ ಕ್ರಮದಲ್ಲೇ ಒಂದರ ಬೆನ್ನಿಗೆ ಒಂದು ಕೂತಿರುತ್ತವೆ. ಮೊದಲ ಸಾಲಿನಲ್ಲಿ ಹಿಂದಿನ ದಿನ ಸಂಜೆಯ ಬಳೆಶಾಸ್ತ್ರ ಇರಬೇಕಿತ್ತು. ಇದ್ದದ್ದು ಮದುವೆಯ ದಿನ 12 ಗಂಟೆ 8 ನಿಮಿಷ. ಕೆಳಗೆ ಎಳೆಯುತ್ತಾ ಹೋದೆ: ಅಂತರಪಟ, ಜೀರಿಗೆ ಬೆಲ್ಲ, ಧಾರೆ, ತಾಳಿ. 312 ಚಿತ್ರ, ಎಲ್ಲ ಜೆಪೆಗ್, ಒಂದೂ ರಾ ಇಲ್ಲ. 313ನೆಯ ಸಾಲಿನಲ್ಲಿ ಗಡಿಯಾರ ಧಡಕ್ಕನೆ ಹಿಂದಕ್ಕೆ ಹಾರಿತು: ಹಿಂದಿನ ದಿನ ಸಂಜೆ 4 ಗಂಟೆ 52 ನಿಮಿಷ. ಅಲ್ಲಿಂದ ಮುಂದೆ ರಾ, ಜೆಪೆಗ್, ರಾ, ಜೆಪೆಗ್ ಎಂದು ಎಲ್ಲವೂ ಕ್ರಮವಾಗಿ ಸಾಗಿ, ತೀರಾ ಕೊನೆಯಲ್ಲಿ ಅದೇ 12 ಗಂಟೆ 8 ನಿಮಿಷದ ಚಿತ್ರ ಮತ್ತೆ ಬಂತು. ಎರಡೂ ಕಡೆಯ ಕಡತಗಳ ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಹೋಲಿಸಿದೆ. ಬೈಟಿಗೆ ಬೈಟು ಒಂದೇ. ಮುಹೂರ್ತದ ಪ್ರತಿ ಜೆಪೆಗ್‌ಗೂ ಕಾರ್ಡಿನಲ್ಲಿ ಎರಡೆರಡು ಪ್ರತಿ ಇತ್ತು. ಬಳೆಶಾಸ್ತ್ರದ ಮೊದಲ ಅರ್ಧ ಗಂಟೆಗೆ ಒಂದೂ ಇರಲಿಲ್ಲ.

ಕ್ಯಾಮೆರಾ ಹೀಗೆ ಬರೆಯುವುದಿಲ್ಲ. ಇದು ಮನುಷ್ಯನ ಕೆಲಸ.

ಹುಡುಗನನ್ನು ಕರೆಸಿ ಪರದೆ ತೋರಿಸಿದೆ. ಒಂದು ನಿಮಿಷ ನೋಡಿದ. "ಭಾವನ ಹೆಸರು ಹಾಳಾಗಬಾರದು ಎಂದು ಹೇಳಲಿಲ್ಲ ಅಣ್ಣಾ" ಎಂದ. ಆಮೇಲೆ ಕಥೆ ಹೊರಬಂತು. ಮದುವೆಯ ರಾತ್ರಿ ಕಾರ್ಡನ್ನು ಭಾವನ ಲ್ಯಾಪ್‌ಟಾಪಿಗೆ ಹಾಕಿದ್ದಾರೆ. ಮೊದಲು ದೋಷ ಹುಡುಕಿ ಸರಿಪಡಿಸು ಎಂಬುದನ್ನು ಒತ್ತಿದರು, ಆಗಲಿಲ್ಲ. ಫಾರ್ಮ್ಯಾಟ್ ಮಾಡಿದರೂ ಚಿತ್ರ ಹೋಗುವುದಿಲ್ಲ, ತಂತ್ರಾಂಶದಿಂದ ಮರಳಿ ತೆಗೆಯಬಹುದು ಎಂದು ಯಾವುದೋ ವಿಡಿಯೊದಲ್ಲಿ ಕೇಳಿದ್ದ ಭಾವ ಫಾರ್ಮ್ಯಾಟ್ ಮಾಡಿದರು. ಮಾತು ಅರ್ಧ ನಿಜ, ಅದಕ್ಕೇ ಅಪಾಯ. ಉಚಿತ ತಂತ್ರಾಂಶವೊಂದನ್ನು ಇಳಿಸಿಕೊಂಡು ಹುಡುಕಿದರೆ ಚಿತ್ರಗಳೆಲ್ಲ ಸಾಲಾಗಿ ಕಂಡವು. ಇಬ್ಬರಿಗೂ ಕಣ್ಣಲ್ಲಿ ನೀರು ಬಂತಂತೆ. ಮೊದಲು ಮುಹೂರ್ತದ್ದನ್ನು ಉಳಿಸಿಕೊಳ್ಳೋಣ ಎಂದು 312 ಆರಿಸಿದರು. ಎಲ್ಲಿ ಉಳಿಸಲಿ ಎಂದು ಅದು ಕೇಳಿತು. ಲ್ಯಾಪ್‌ಟಾಪಿನ ಸಿ ಡ್ರೈವ್ ತುಂಬಿ ಕೆಂಪಾಗಿತ್ತು. ಕಾರ್ಡಿನಲ್ಲಿ 59 ಜಿಬಿ ಖಾಲಿ ಎಂದು ತೋರಿಸುತ್ತಿತ್ತು.

ಕಾರ್ಡಿಗೇ ಉಳಿಸಿದರು.

ಹೊಸದಾಗಿ ಫಾರ್ಮ್ಯಾಟ್ ಆದ ಕಾರ್ಡಿಗೆ ಬರೆಯುವಾಗ ಸಾಮಾನ್ಯವಾಗಿ ಆರಂಭದಿಂದಲೇ ಜಾಗ ತುಂಬುತ್ತಾ ಬರುತ್ತದೆ. ಆರಂಭದಲ್ಲಿ ಇದ್ದದ್ದು ಬಳೆಶಾಸ್ತ್ರ. 312 ಜೆಪೆಗ್, ತಲಾ 7 ಎಂಬಿ, ಹತ್ತಿರ ಹತ್ತಿರ 2.2 ಜಿಬಿ. ಅದನ್ನು 32ರಿಂದ ಭಾಗಿಸಿದರೆ 68 ಮತ್ತು ಚೂರು. ಸುರಕ್ಷಿತವಾಗಿ ಕೂತಿದ್ದ ಮುಹೂರ್ತವನ್ನು ಇನ್ನೊಮ್ಮೆ ಬರೆದು, ಮೊದಲ 68 ಚಿತ್ರಗಳನ್ನು ಪೂರ್ತಿಯಾಗಿ, 69ನೆಯದನ್ನು ಅರ್ಧದವರೆಗೆ ಅಳಿಸಿದ್ದರು. ಉಳಿಸಿದ್ದೆಲ್ಲ ಚೆನ್ನಾಗಿ ತೆರೆದುಕೊಂಡಿತು. ಬಳೆಶಾಸ್ತ್ರದ್ದು ತೆರೆಯಲು ಹೋದಾಗ ಬಣ್ಣದ ಪಟ್ಟೆಗಳು ಬಂದವು. ಗಾಬರಿಯಾಗಿ, ಏನೋ ಗೊಂದಲವಾಯಿತು, ಮೊದಲಿನಿಂದ ಶುರುಮಾಡೋಣ ಎಂದು ಎರಡನೆಯ ಸಲ ಫಾರ್ಮ್ಯಾಟ್ ಮಾಡಿದ್ದರು. ನಾನು ನೋಡಿದ ಮಡಿ ಬಟ್ಟೆ ಅದು.

ಮಂಟಪದಲ್ಲಿ ಬ್ಯಾಟರಿ ಕಿತ್ತದ್ದರಿಂದ ಕೆಟ್ಟ ಚಿತ್ರಗಳು ಎಷ್ಟು ಗೊತ್ತೇ? ಎರಡು. ಓದಲಾಗದ 96 ಕೆಬಿ ಕೊನೆಯ ಮೂರು ಚಿತ್ರಗಳ ಮೇಲೆ ಹರಡಿತ್ತು. ಅದರಲ್ಲಿ ಒಂದರ ಜೆಪೆಗ್ ಕೆಳಭಾಗದಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು, ಆದರೆ ಅದರ ಜೊತೆಯ ರಾ ಕಡತದ ಹೊಟ್ಟೆಯಲ್ಲಿ ಪೂರ್ಣ ಅಳತೆಯ ಇನ್ನೊಂದು ಜೆಪೆಗ್ ಇರುತ್ತದೆ, ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡಲೆಂದು ಇಟ್ಟದ್ದು. ಅದನ್ನು ಹೊರತೆಗೆದೆ. ಎರಡನೆಯ ಗಂಟಿನ ಚಿತ್ರ ಉಳಿದದ್ದು ಹಾಗೆ.

ಕಡತಗಳ ಮೂಲ ಹೆಸರುಗಳ ವಿಷಯ ಚುಟುಕಾಗಿ ಹೇಳುತ್ತೇನೆ, ಆಸಕ್ತಿ ಇರುವವರಿಗೆ. ಈ ಅಳತೆಯ ಕಾರ್ಡಿನಲ್ಲಿ ಜಾಗವನ್ನು 128 ಕೆಬಿಯ ಕಣಗಳಾಗಿ ಹಂಚಿರುತ್ತದೆ. ಒಂದು ಫೋಲ್ಡರಿನ ಪಟ್ಟಿ ಕೂಡ ಅಂಥ ಒಂದು ಕಣದಲ್ಲೇ ಶುರುವಾಗುತ್ತದೆ. ಕ್ಯಾಮೆರಾ ಇಡುವ ಪುಟ್ಟ ಹೆಸರಿಗೆ ಪಟ್ಟಿಯಲ್ಲಿ 96 ಬೈಟು ಬೇಕು, ಅಂದರೆ ಒಂದು ಕಣಕ್ಕೆ 1,365 ಕಡತ. ನಮ್ಮಲ್ಲಿದ್ದದ್ದು 1,896. ಪಟ್ಟಿಯ ಮೊದಲ ಕಣ ಕಾರ್ಡಿನ ಆರಂಭದಲ್ಲಿದ್ದು ಅಳಿದುಹೋಗಿತ್ತು. ಅದು ತುಂಬಿದಾಗ ಎರಡನೆಯ ಕಣವನ್ನು ಕ್ಯಾಮೆರಾ ಆ ಹೊತ್ತಿಗೆ ಖಾಲಿ ಸಿಕ್ಕ ಕಡೆ, 22 ಜಿಬಿಯ ಆಸುಪಾಸಿನಲ್ಲಿ, ತೆಗೆದುಕೊಂಡಿತ್ತು. ಅದು ಹಾಗೇ ಇತ್ತು. 1595ರ ರಾ ಹೆಸರು ಅಳಿದ ಕಣದಲ್ಲಿ, ಅದೇ 1595ರ ಜೆಪೆಗ್ ಹೆಸರು ಉಳಿದ ಕಣದಲ್ಲಿ. ಅಲ್ಲಿಂದ 1860ರವರೆಗೆ ಮೂಲ ಹೆಸರು, ಕಾರ್ಡಿನಲ್ಲಿ ಶುರುವಾಗುವ ಜಾಗ ಎರಡೂ ಸಿಕ್ಕವು. ಉಳಿದವಕ್ಕೆ ಸಮಯದ ಪ್ರಕಾರ ನಾನೇ ಹೆಸರಿಟ್ಟೆ. ಕ್ಯಾಮೆರಾದ ಪ್ರಕಾರ ಅಂತರಪಟ ಸರಿದದ್ದು 12.31ಕ್ಕೆ, ಲಗ್ನಪತ್ರಿಕೆಯಲ್ಲಿ ಮುಹೂರ್ತ 12.05. ಕ್ಯಾಮೆರಾದ ಗಡಿಯಾರ ಮುಂದಿತ್ತೋ ಪುರೋಹಿತರು ಹಿಂದಿದ್ದರೋ ನಾನು ವಿಚಾರಿಸಲು ಹೋಗಲಿಲ್ಲ.

ಲೆಕ್ಕ: 948ರಲ್ಲಿ 877 ಪೂರ್ತಿ ಸಿಕ್ಕವು. ಕೊನೆಯ ಎರಡು ಒಡೆದವು, 68 ಹೋದವು, ಒಂದು ಅರ್ಧ.

ಅರವತ್ತೊಂಬತ್ತನೆಯ ಚಿತ್ರ

ಪೆನ್ ಡ್ರೈವ್ ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು. ಶೇಕಡ ತೊಂಬತ್ತಕ್ಕೂ ಹೆಚ್ಚು ಸಿಕ್ಕಿದೆ, ಮುಹೂರ್ತ ಪೂರ್ತಿ ಇದೆ. ಬೇರೆ ಯಾರಾದರೂ ಸಿಹಿ ಹಂಚುತ್ತಿದ್ದರು. ಆದರೆ ಮೂರನೆಯ ದಿನ ಮದುಮಗಳ ಅಪ್ಪ ಅಂಗಡಿಗೆ ಬಂದರು. ಕೂರಲಿಲ್ಲ. "ಸಿಕ್ಕಿದೆ ಎಂದು ಹುಡುಗ ಹೇಳಿದ. ಅಮ್ಮನದು ಇದೆಯೇ?" ಎಂದರು.

ಅವರ ತಾಯಿಗೆ ಮೊಣಕಾಲು ನೋವು. ಮಂಟಪಕ್ಕೆ ಬರಲಾಗಿರಲಿಲ್ಲ. ಬಳೆಶಾಸ್ತ್ರಕ್ಕೆ ಮಾತ್ರ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಬಳೆಗಾರ ಮೊಮ್ಮಗಳಿಗೆ ಬಳೆ ತೊಡಿಸುವಾಗ ಪಕ್ಕದಲ್ಲಿ ಕೂತಿದ್ದರು. ಅರ್ಧ ಗಂಟೆ ಕೂತು, ಆಯಾಸವಾಯಿತೆಂದು ಒಳಗೆ ಹೋಗಿ ಮಲಗಿದರು. ನಾನು 879 ಚಿತ್ರಗಳನ್ನೂ ತಿರುವಿ ನೋಡಿದ್ದೆ. ಜಗಲಿಯ ಕುರ್ಚಿ ಇತ್ತು. 4.52ರ ನಂತರದ ಎಲ್ಲ ಚಿತ್ರಗಳಲ್ಲೂ ಅದು ಖಾಲಿಯಾಗಿತ್ತು.

ಬೆಂಗಳೂರಿನಲ್ಲಿ ದೊಡ್ಡ ಲ್ಯಾಬುಗಳಿವೆಯಂತೆ, ಕಳಿಸೋಣವೇ ಎಂದರು. ಸುಳ್ಳು ಆಸೆ ಹುಟ್ಟಿಸದ ಹಾಗೆ ಹೇಳಬೇಕಿತ್ತು. ಕಾರ್ಡಿನಲ್ಲಿ ಒಂದು ಜಾಗಕ್ಕೆ ಮತ್ತೆ ಬರೆದಾಗ ಒಳಗಿನ ನಿಯಂತ್ರಕ ಹೊಸದನ್ನು ಚಿಪ್ಪಿನ ಬೇರೆ ಕಡೆ ಬರೆದು, ಹಳೆಯದನ್ನು ಬೇಡದ್ದೆಂದು ಗುರುತು ಹಾಕಿ, ಬಿಡುವಾದಾಗ ಒರೆಸುತ್ತದೆ. ಒರೆಸುವ ಮೊದಲು ನಿಯಂತ್ರಕವನ್ನು ದಾಟಿ ನೇರವಾಗಿ ಚಿಪ್ಪನ್ನು ಓದಿದರೆ ಹಳೆಯ ತುಣುಕುಗಳು ಸಿಗುವ ಸಾಧ್ಯತೆ ಇದೆ. ಅದಕ್ಕೆ ಕಾರ್ಡಿನ ಮೈ ಕೆರೆದು ಕೂದಲಿನಂಥ ತಂತಿ ಬೆಸೆಯಬೇಕು, ಕಲಸಿಟ್ಟ ದತ್ತಾಂಶವನ್ನು ಬಿಡಿಸಬೇಕು. ಖರ್ಚು ದೊಡ್ಡದು, ಭರವಸೆ ಯಾರೂ ಕೊಡುವುದಿಲ್ಲ. ಎರಡು ಸಲ ಫಾರ್ಮ್ಯಾಟ್ ಆಗಿ, 2.2 ಜಿಬಿ ಬರೆಸಿಕೊಂಡು, ಗಂಟೆಗಟ್ಟಲೆ ವಿದ್ಯುತ್ ಹರಿಸಿಕೊಂಡ ಕಾರ್ಡಿನ ಮೇಲೆ ನನ್ನದೇ ದುಡ್ಡಾದರೆ ನಾನು ಹಾಕುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನಿಂತು, "ಆ ಅರ್ಧ ಎಂದಿರಲ್ಲ, ಅದು ಏನು?" ಎಂದು ಕೇಳಿದರು.

ಅದನ್ನು ನಾನು ಇನ್ನೂ ತೆರೆದಿರಲಿಲ್ಲ. ತೆರೆಯಲು ಬರುತ್ತಲೂ ಇರಲಿಲ್ಲ. ಈ ಕ್ಯಾಮೆರಾ ಪ್ರತಿ ಚಿತ್ರಕ್ಕೆ ಮೊದಲು ರಾ, ಅದರ ಬೆನ್ನಿಗೆ ಜೆಪೆಗ್ ಬರೆಯುತ್ತದೆ. 69ನೆಯ ಚಿತ್ರದ ರಾ ಪೂರ್ತಿ ಅಳಿದು, ಜೆಪೆಗ್‌ನ ತಲೆ ಹೋಗಿ, ಬಾಲ ಮಾತ್ರ ಉಳಿದಿತ್ತು. ತಲೆಗುರುತು ಇಲ್ಲದ್ದನ್ನು ಫೋಟೊರೆಕ್ ಹಿಡಿಯುವುದಿಲ್ಲ. ಬೈಟ್‌ಗಳನ್ನು ಇದ್ದಂತೆ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಕೈಯಾರೆ ಹುಡುಕಿದೆ: ನಕಲು ಮಾಡಿದ 312ನೆಯ ಚಿತ್ರ ಮುಗಿದ ಕಣದ ಆಚೆಯಿಂದ ಮುಂದಿನ 'ಎಫ್‌ಎಫ್ ಡಿ9'ವರೆಗೆ ಮೂರು ಎಂಬಿಯಷ್ಟು.

ಜೆಪೆಗ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಪುಟ್ಟ ಚೌಕಗಳಾಗಿ ಬರೆದಿರುತ್ತದೆ. ಬಾಲ ಉಳಿದಿದೆ ಎಂದರೆ ಚಿತ್ರದ ಕೆಳಭಾಗ ಉಳಿದಿದೆ. ತಲೆಯಲ್ಲಿರುವುದು ಚಿತ್ರದ ಅಳತೆ ಮತ್ತು ಬಿಡಿಸುವ ಕೋಷ್ಟಕಗಳು. ಒಂದೇ ಕ್ಯಾಮೆರಾ, ಒಂದೇ ಸೆಟ್ಟಿಂಗ್ ಆಗಿದ್ದರೆ ಪಕ್ಕದ ಚಿತ್ರದ ತಲೆಯೂ ಇದಕ್ಕೆ ಹೊಂದುತ್ತದೆ. 70ನೆಯ ಚಿತ್ರದ ತಲೆ ಕತ್ತರಿಸಿ ಇದಕ್ಕೆ ಕೂರಿಸಿದೆ. ಗಣಪತಿಯ ಕಥೆ ನೆನಪಾಗದೆ ಇರಲಿಲ್ಲ. ತೆರೆದುಕೊಂಡಿತು, ಆದರೆ ಚಿತ್ರ ಅಡ್ಡಡ್ಡ ಸರಿದು ಮುರಿದಿತ್ತು, ಬಣ್ಣ ಪೂರ್ತಿ ನೇರಳೆ. ಸರಿದದ್ದನ್ನು ನಡುವೆ ಖಾಲಿ ಚೌಕಗಳನ್ನು ತುಂಬುತ್ತಾ, ನೋಡುತ್ತಾ, ಮತ್ತೆ ತುಂಬುತ್ತಾ ನೇರ ಮಾಡಿದೆ. ಬಣ್ಣ ಮಾತ್ರ ಒಗ್ಗಲಿಲ್ಲ. ಜೆಪೆಗ್ ಪ್ರತಿ ಚೌಕದ ಬಣ್ಣವನ್ನು ನೇರವಾಗಿ ಬರೆಯದೆ, ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂದು ಬರೆಯುತ್ತದೆ. ಹಿಂದಿನ ಬಾಕಿ ಗೊತ್ತಿಲ್ಲದ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ: ಇಂದು ಇಪ್ಪತ್ತು ಕೊಟ್ಟರು, ನಿನ್ನೆ ಹತ್ತು ತೆಗೆದುಕೊಂಡರು ಎಂದು ಇದೆ, ಒಟ್ಟು ಎಷ್ಟು ಎಂಬುದಿಲ್ಲ. ಹಸಿರನ್ನು ಹಸಿರಾಗಿಸಲು ಹೋದರೆ ಕೈ ನೀಲಿಯಾಗುತ್ತಿತ್ತು. ರಾತ್ರಿ ಒಂದೂವರೆಗೆ ಬಣ್ಣವನ್ನೇ ತೆಗೆದುಹಾಕಿದೆ.

ಕಪ್ಪು ಬಿಳುಪಿನಲ್ಲಿ ಕಂಡದ್ದು: ಸೀರೆಯ ಮಡಿಲು, ಮಡಿಲಲ್ಲಿ ವೀಳ್ಯದೆಲೆ ಅಡಿಕೆಯ ತಟ್ಟೆಯ ಅಂಚು, ಮೊಣಕೈವರೆಗೆ ಬಳೆ ತುಂಬಿದ ಒಂದು ಎಳೆಯ ಕೈ, ಅದನ್ನು ಮಣಿಕಟ್ಟಿನಲ್ಲಿ ಹಿಡಿದ ಸುಕ್ಕುಗಟ್ಟಿದ ಇನ್ನೊಂದು ಕೈ. ಹೆಬ್ಬೆರಳು ಬಳೆಗಳ ಸಾಲಿನ ಮೇಲಿದೆ, ಎಣಿಸುತ್ತಿರುವ ಹಾಗೆ. ಮೇಲೆ ಬೂದು ಬಣ್ಣದ ಗೋಡೆ. ಮುಖಗಳು ಆ ಗೋಡೆಯ ಹಿಂದೆ ಇದ್ದವು.

ಬೆಳಿಗ್ಗೆ ಹುಡುಗನಿಗೆ ತೋರಿಸಿದಾಗ ಅವನಿಗೆ ಒಂದು ಮಾತು ಹೊಳೆಯಿತು. ಅಂದು ಸಂಜೆ ಮದುಮಗಳ ಚಿಕ್ಕಮ್ಮ ಸ್ಟೇಟಸ್‌ಗೆ ಹಾಕಲು ಫೋಟೊ ಬೇಕೆಂದು ಪೀಡಿಸಿದ್ದರಿಂದ, ಕ್ಯಾಮೆರಾದ ವೈಫೈಯಿಂದ ಎರಡು ಚಿತ್ರ ಮೊಬೈಲಿಗೆ ಎಳೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ. ತನ್ನ ಮೊಬೈಲಿನಿಂದ ಅಳಿಸಿದ್ದ, ಚಿಕ್ಕಮ್ಮನವರು ಅಳಿಸಿರಲಿಲ್ಲ. ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಎರಡೂ ಬಂದವು. ಒಂದರಲ್ಲಿ ಬಳೆಗಾರನ ಬೆನ್ನು. ಇನ್ನೊಂದರಲ್ಲಿ ಅಜ್ಜಿ, ಕ್ಯಾಮೆರಾ ನೋಡದೆ ಯಾರನ್ನೋ ಗದರುತ್ತಿದ್ದಾರೆ. ಉದ್ದದ ಕಡೆ 1,600 ಪಿಕ್ಸೆಲ್, ಅಲ್ಲಲ್ಲಿ ಕಲಸಿದ ಹಾಗೆ.

ಮದುವೆ ಆಲ್ಬಮ್ಮಿನ ಜೋಡಿಪುಟ ಈಗ 12 ಇಂಚು ಎತ್ತರ, 36 ಇಂಚು ಅಗಲ. 1,600 ಪಿಕ್ಸೆಲನ್ನು ಅಚ್ಚಿಗೆ ತಕ್ಕ ಹಾಗೆ ಬಿಟ್ಟರೆ ಐದು ಇಂಚು ಚಿಲ್ಲರೆ ಸಿಗುತ್ತದೆ, ಹೆಚ್ಚು ಎಳೆದರೆ ಮುಖ ಹರಿಯುತ್ತದೆ. ಗದರುತ್ತಿರುವ ಅಜ್ಜಿಯನ್ನು ಐದು ಇಂಚಿನಲ್ಲಿ ಬಲಮೂಲೆಗೆ ಇಟ್ಟು, ಉಳಿದ ಪುಟದ ತುಂಬ ಆ ಎರಡು ಕೈಗಳನ್ನು ಹರಡಿದರು. ಆಲ್ಬಮ್ ಜೋಡಿಸಿದ ಡಿಸೈನರ್, ನಮ್ಮ ಹುಡುಗನಿಗೆ ಫೋನ್ ಮಾಡಿ, ಈ ಕ್ರಾಪ್ ಮಾಡಿದ್ದು ಯಾರು, ಮೂಲ ಚಿತ್ರವನ್ನೂ ಕಳಿಸು ಎಂದು ಎರಡು ಸಲ ಕೇಳಿದ್ದಾರೆ.

ಕಾರ್ಡು ಇನ್ನೂ ನನ್ನ ಡ್ರಾಯರಿನಲ್ಲಿದೆ. ಹುಡುಗ ಹೋದ ವಾರ ಬಂದಾಗ, ಫಾರ್ಮ್ಯಾಟ್ ಮಾಡಿ ಮತ್ತೆ ಬಳಸಬಹುದೇ ಅಣ್ಣಾ, ಎಂಟುನೂರು ರೂಪಾಯಿ ಕೊಟ್ಟಿದ್ದೆ ಎಂದ. ನಾನು ಡ್ರಾಯರಿಗೆ ಬೀಗ ಹಾಕಿದೆ.